ಹಳೆ ಲ್ಯಾಪ್‌ಟಾಪ್: ಬೆಲೆಗಿಂತ ಮೊದಲು ಆಯಸ್ಸು ನೋಡಿ

ಸಹೋದರಿಯರೇ, ನವಲಗುಂದದ ಜಮಖಾನ ಕೊಳ್ಳಲು ಹೋದರೆ ನೀವು ಮೊದಲು ಏನು ಮಾಡುತ್ತೀರಿ? ಅದನ್ನು ಮಗುಚಿ ಹಾಕುತ್ತೀರಿ. ಹಿಂಬದಿಯ ನೇಯ್ಗೆ ನೋಡುತ್ತೀರಿ. ಅಂಚನ್ನು ಬೆರಳಿನಿಂದ ಎಳೆದು ನೋಡುತ್ತೀರಿ. ಮೂಲೆಯೊಂದನ್ನು ಒದ್ದೆ ಬಟ್ಟೆಯಿಂದ ಒರೆಸಿ ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸುತ್ತೀರಿ. ಬೆಲೆಯ ಮಾತು ಅದಾದ ಮೇಲೆ. ನಮ್ಮ ಹೆಣ್ಣುಮಕ್ಕಳೇ ಮಗ್ಗದ ಮುಂದೆ ಕುಳಿತು ನೇಯುವ ವಸ್ತು ಅದು. ಆದ್ದರಿಂದ ಅದರ ವಿಷಯದಲ್ಲಿ ನಮ್ಮನ್ನು ಯಾರೂ ಸುಲಭವಾಗಿ ಮೋಸ ಮಾಡಲಾರರು.

ಇದೇ ನಾವು ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಲು ಹೋದಾಗ ಮಾತ್ರ ಬಾಯಿ ಕಟ್ಟಿದಂತಾಗಿ ನಿಂತುಬಿಡುತ್ತೇವೆ. ಮಗುಚಿ ನೋಡುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ಬೆಲೆ ಎಷ್ಟೆಂದು ಕೇಳುತ್ತೇವೆ, ಐನೂರು ಕಡಿಮೆ ಮಾಡಿ ಎನ್ನುತ್ತೇವೆ, ಚೀಲದಲ್ಲಿ ಹಾಕಿಸಿಕೊಂಡು ಬರುತ್ತೇವೆ. ನಾನು ಮಾಡಿದ್ದೂ ಅದನ್ನೇ. ಆ ತಪ್ಪಿನ ಬೆಲೆಯನ್ನು ತೆತ್ತವಳು ನನ್ನ ತಂಗಿಯ ಮಗಳು.

ತಂಗಿಯ ಮನೆ ಅಣ್ಣಿಗೇರಿಯಲ್ಲಿ. ಮಗಳು 2024ರಲ್ಲಿ ಬಿ.ಕಾಂ.ಗೆ ಸೇರಿದಳು. ದಿನಾ ಹುಬ್ಬಳ್ಳಿಗೆ ಹೋಗಿ ಬರುವುದು. ಲೆಕ್ಕಪತ್ರ, ಎಕ್ಸೆಲ್, ಟ್ಯಾಲಿ ಎಲ್ಲವೂ ಕಂಪ್ಯೂಟರಿನ ಮೇಲೆಯೇ. ಮನೆಯಲ್ಲಿ ಇದ್ದದ್ದು ಒಂದು ಮೊಬೈಲ್. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಶಕ್ತಿ ಇರಲಿಲ್ಲ. ಆ ವರ್ಷ ಜುಲೈಯಲ್ಲಿ ನಾನೇ ಮುಂದಾಗಿ ಅವಳನ್ನು ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಹಳೆಯದನ್ನು ಸರಿಪಡಿಸಿ ಮಾರುವ ರಿಫರ್ಬಿಶ್ಡ್ ಲ್ಯಾಪ್‌ಟಾಪ್‌ಗಳ ಅಂಗಡಿ ಅದು.

"ಐ5 ಅದ ರೀ ಅಕ್ಕಾರ, ಈ ರೇಟಿಗೆ ಎಲ್ಲೂ ಸಿಗಂಗಿಲ್ಲ" ಎಂದರು ಅಂಗಡಿಯವರು. ಬೆಲೆ 11,500 ರೂಪಾಯಿ. ಮೈ ಹೊಳೆಯುತ್ತಿತ್ತು. ಬಿಲ್ಲಿನ ಬದಲು ಒಂದು ಚೀಟಿ ಕೊಟ್ಟರು. ನಾನು ಅದನ್ನೂ ಸರಿಯಾಗಿ ಓದಲಿಲ್ಲ.

ಮನೆಗೆ ತಂದ ಮೇಲೆ ತಿಳಿಯಿತು, ಅದು ಚಾಲೂ ಆಗಲು ಐದಾರು ನಿಮಿಷ ಬೇಕು. ಎಕ್ಸೆಲ್ ತೆರೆದರೆ ಬ್ರೌಸರ್ ನಿಂತುಹೋಗುತ್ತದೆ. ಬ್ಯಾಟರಿ ಇಪ್ಪತ್ತು ನಿಮಿಷ ಬರುತ್ತಿತ್ತು, ಕೆಲವೇ ವಾರಗಳಲ್ಲಿ ಅದೂ ಹೋಯಿತು. ನಮ್ಮ ಕಡೆಯ ಊರುಗಳಲ್ಲಿ ಗಾಳಿ ಮಳೆ ಬಂದರೆ ಕರೆಂಟು ಹೋಯಿತೆಂದೇ ಲೆಕ್ಕ. ಡಿಸೆಂಬರಿನಲ್ಲಿ ಒಂದು ರಾತ್ರಿ ಅರ್ಧ ಬರೆದ ಪ್ರಾಜೆಕ್ಟ್ ಕರೆಂಟಿನ ಜೊತೆಗೇ ಹೋಯಿತು. ಮರುದಿನ ಯಂತ್ರ ಏಳಲೇ ಇಲ್ಲ. ಅಂಗಡಿಯವರು ಚೀಟಿ ನೋಡಿ, ವಾರಂಟಿ ಇಲ್ಲ ಎಂದರು.

ದುಡ್ಡು ಹೋದದ್ದಕ್ಕಿಂತ ಹೆಚ್ಚು ನೋಯಿಸಿದ್ದು ಮನೆಯಲ್ಲಿ ಬಂದ ಮಾತು. "ಹುಡುಗಿಗೆ ಇದೆಲ್ಲ ಯಾಕ ಬೇಕಾಗಿತ್ತು? ಮೊಬೈಲ್ ಸಾಕಿತ್ತು" ಎಂದು ಹಿರಿಯರೊಬ್ಬರು ಹೇಳಿದರು. ಕೆಟ್ಟದ್ದು ಯಂತ್ರ, ಕೊಳ್ಳಲು ಬಾರದವಳು ನಾನು. ಆದರೆ ಅಪವಾದ ಬಿದ್ದದ್ದು ಹುಡುಗಿಯ ಓದಿನ ಮೇಲೆ. ಹಳೆ ಲ್ಯಾಪ್‌ಟಾಪ್ ಕೊಳ್ಳುವ ಬಗ್ಗೆ ಈ ತಿಂಗಳು ಬರೆಯಲು ಇದೇ ಕಾರಣ. ಮನೆಯ ಮೊದಲ ಕಂಪ್ಯೂಟರ್ ಸರಿಯಾಗಿದ್ದರೆ ತಂಗಿಯರಿಗೂ ದಾರಿಯಾಗುತ್ತದೆ. ಅದು ಕೈಕೊಟ್ಟರೆ ಅವರ ದಾರಿಯೂ ಕಷ್ಟವಾಗುತ್ತದೆ.

ಇವು ಬರುವುದು ಎಲ್ಲಿಂದ?

ಬೆಂಗಳೂರು, ಪುಣೆಯಂಥ ಊರುಗಳ ದೊಡ್ಡ ಕಂಪೆನಿಗಳು ಕೆಲಸಗಾರರಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಒಟ್ಟಿಗೆ ಬದಲಾಯಿಸುತ್ತವೆ. ಹಳೆಯವು ಸಗಟಾಗಿ ಮಾರಾಟವಾಗುತ್ತವೆ. ಅವನ್ನು ಒರೆಸಿ, ಕೆಟ್ಟ ಭಾಗ ಬದಲಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲೂ ನಮ್ಮ ಹುಬ್ಬಳ್ಳಿಯಂಥ ಊರುಗಳ ಅಂಗಡಿಗಳಲ್ಲೂ ಮಾರುತ್ತಾರೆ. ಡೆಲ್‌ನ ಲ್ಯಾಟಿಟ್ಯೂಡ್, ಲೆನೊವೊದ ಥಿಂಕ್‌ಪ್ಯಾಡ್, ಎಚ್‌ಪಿಯ ಎಲೈಟ್‌ಬುಕ್ ಎಂಬ ಹೆಸರುಗಳು ಈ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಇದಕ್ಕಾಗಿಯೇ. ಇವು ಕಚೇರಿ ಕೆಲಸಕ್ಕೆಂದು ಗಟ್ಟಿಯಾಗಿ ಮಾಡಿದ ಯಂತ್ರಗಳು. ಕೀಲಿಮಣೆ ಚೆನ್ನಾಗಿರುತ್ತದೆ, ಬಿಡಿಭಾಗ ಸಿಗುತ್ತದೆ. ಆದ್ದರಿಂದ ರಿಫರ್ಬಿಶ್ಡ್ ಎಂದ ಕೂಡಲೇ ಮೂಗು ಮುರಿಯಬೇಕಾಗಿಲ್ಲ. ಎಷ್ಟೋ ಸಲ ಅತ್ಯಂತ ಅಗ್ಗದ ಹೊಸ ಲ್ಯಾಪ್‌ಟಾಪಿಗಿಂತ ಇವೇ ಚೆನ್ನಾಗಿ ಕೆಲಸ ಮಾಡುತ್ತವೆ.

ಆದರೆ ಒಂದು ಮಾತು. ನಮ್ಮ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಅಜ್ಜಿಯೂ ತೂಗುತ್ತಾಳೆ, ಮೊಮ್ಮಗಳೂ ತೂಗುತ್ತಾಳೆ. ಲ್ಯಾಪ್‌ಟಾಪಿನ ಬಾಳು ಅಷ್ಟು ಉದ್ದವಲ್ಲ. ಅದರಲ್ಲಿ ಇನ್ನೆಷ್ಟು ವರ್ಷ ಉಳಿದಿದೆ ಎಂಬುದೇ ಅದರ ನಿಜವಾದ ಬೆಲೆ.

ಸ್ಟಿಕ್ಕರ್ ನೋಡಬೇಡಿ, ನಂಬರ್ ಕೇಳಿ

ನನಗೆ ಮಾರಿದ ಯಂತ್ರ ಐ5 ಎಂಬುದು ಸುಳ್ಳಾಗಿರಲಿಲ್ಲ. ಆದರೆ ಐ5 ಎಂಬ ಹೆಸರಿನಲ್ಲಿ ಇಂಟೆಲ್ ಕಂಪೆನಿ ಹತ್ತಾರು ವರ್ಷಗಳಿಂದ ಪ್ರೊಸೆಸರ್‌ಗಳನ್ನು ಮಾರುತ್ತಿದೆ. ಹೆಸರಿನ ನಂತರ ಬರುವ ಸಂಖ್ಯೆ ಅದರ ಪೀಳಿಗೆಯನ್ನು ಹೇಳುತ್ತದೆ. ಐ5-4300ಯು ಎಂದಿದ್ದರೆ ನಾಲ್ಕನೇ ಪೀಳಿಗೆ. ಐ5-7300ಯು ಎಂದಿದ್ದರೆ ಏಳನೆಯದು. ಐ5-8350ಯು ಎಂದಿದ್ದರೆ ಎಂಟನೆಯದು. ಐ5-10210ಯು, ಐ5-1135ಜಿ7 ಎಂದು ಹತ್ತು, ಹನ್ನೊಂದರಿಂದ ಶುರುವಾದರೆ ಹತ್ತನೇ, ಹನ್ನೊಂದನೇ ಪೀಳಿಗೆ. ನಾನು ತಂದದ್ದು ನಾಲ್ಕನೆಯದು. ಹತ್ತು ವರ್ಷ ದಾಟಿದ ಯಂತ್ರ!

ಎಂಟನೇ ಪೀಳಿಗೆ ಎಂಬುದು ಒಂದು ಗಡಿ. ಅದರ ಕಾರಣ ತಿಳಿದಿರಲಿ. ಮೈಕ್ರೋಸಾಫ್ಟ್ ಕಂಪೆನಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮನೆ ಬಳಕೆದಾರರು ನೋಂದಣಿ ಮಾಡಿಕೊಂಡರೆ 2026ರ ಅಕ್ಟೋಬರ್‌ವರೆಗೆ ಮಾತ್ರ ಸುರಕ್ಷತಾ ಅಪ್‌ಡೇಟ್ ಎಂದಿತು. ಅಪ್‌ಡೇಟ್ ನಿಂತ ಯಂತ್ರ ಮರುದಿನವೇ ಕೆಡುವುದಿಲ್ಲ. ಆದರೆ ಹೊಸ ವೈರಸ್‌ಗಳಿಗೆ ಅದರ ಬಾಗಿಲು ತೆರೆದೇ ಇರುತ್ತದೆ. ವಿಂಡೋಸ್ 11 ಹಾಕೋಣವೆಂದರೆ, ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಗಿಂತ ಹಿಂದಿನವುಗಳಿಗೆ, ಒಂದೆರಡು ಬಿಟ್ಟರೆ, ಕಂಪೆನಿಯ ಒಪ್ಪಿಗೆ ಇಲ್ಲ. ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಕೂಡ ಇರಬೇಕು.

ಈ ಕಾರಣದಿಂದ ಆರನೇ, ಏಳನೇ ಪೀಳಿಗೆಯ ಲ್ಯಾಪ್‌ಟಾಪ್‌ಗಳನ್ನು ಕಂಪೆನಿಗಳು ಹೊರಗೆ ಹಾಕಿದವು. ಅವು ಅಗ್ಗವಾಗಿ ಸಿಗುತ್ತವೆ, ನೋಡಲೂ ಚೆನ್ನಾಗಿರುತ್ತವೆ. ಕೆಲವರು ಅಡ್ಡದಾರಿಯಿಂದ ಅವುಗಳಲ್ಲೇ ವಿಂಡೋಸ್ 11 ಹಾಕಿ ಮಾರುತ್ತಾರೆ. ಪರದೆಯ ಮೇಲೆ ವಿಂಡೋಸ್ 11 ಕಂಡ ಮಾತ್ರಕ್ಕೆ ಯಂತ್ರ ಅರ್ಹವೆಂದಲ್ಲ. ಮಾದರಿಯ ಹೆಸರನ್ನೂ ಪೂರ್ತಿ ನಂಬಬೇಡಿ. ಒಂದೇ ಮಾದರಿ ಎರಡು ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ಬಂದದ್ದುಂಟು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ಒತ್ತಿದರೆ ಪ್ರೊಸೆಸರ್ ಸಂಖ್ಯೆ ನಿಮ್ಮ ಕಣ್ಣಿಗೇ ಕಾಣುತ್ತದೆ. ರ್‍ಯಾಮ್ ಎಷ್ಟಿದೆ ಎಂಬುದೂ ಅಲ್ಲೇ ಇರುತ್ತದೆ.

ರ್‍ಯಾಮ್ 8 ಜಿಬಿ ಇರಲಿ. ‘ಈಗ 4 ಜಿಬಿ ತಗೊಳ್ರಿ, ಆಮೇಲೆ ಹಾಕಿಸಿದರಾಯ್ತು’ ಎಂಬ ಮಾತಿಗೆ ಒಪ್ಪಬೇಡಿ. 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ರ್‍ಯಾಮ್ ಬೆಲೆ ವಿಪರೀತ ಏರಿತು. ಕೆಲವು ಮಾದರಿಗಳಲ್ಲಿ ಅದನ್ನು ಬೆಸೆದೇ ಇಟ್ಟಿರುವುದರಿಂದ ಹೆಚ್ಚಿಸಲೂ ಬರುವುದಿಲ್ಲ. ಇನ್ನು, ಒಳಗೆ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಬದಲು 256 ಜಿಬಿಯ ಎಸ್‌ಎಸ್‌ಡಿ ಇರಬೇಕು. ಯಂತ್ರ ಏಳಲು ಐದು ನಿಮಿಷ ಬೇಕೋ ಅರ್ಧ ನಿಮಿಷ ಸಾಕೋ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಇದೇ.

ಬ್ಯಾಟರಿಯ ಲೆಕ್ಕ

ಪಟ್ಟಣದವರಿಗೆ ಬ್ಯಾಟರಿ ಒಂದು ಅನುಕೂಲ. ಕುಂದಗೋಳ, ನವಲಗುಂದದ ಹಳ್ಳಿಗಳಲ್ಲಿ ಓದುವ ಹುಡುಗಿಗೆ ಅದೇ ಯುಪಿಎಸ್. ‘ಬ್ಯಾಟರಿ ಬ್ಯಾಕಪ್ ಚಲೋ ಅದ’ ಎಂಬ ಮಾತು ಸಾಲದು. ವಿಂಡೋಸ್‌ನಲ್ಲಿಯೇ ಬ್ಯಾಟರಿ ರಿಪೋರ್ಟ್ ತೆಗೆಯುವ ವ್ಯವಸ್ಥೆ ಇದೆ. ಈ ವ್ಯಾಪಾರ ಮಾಡುವವರಿಗೆ ಅದು ಒಂದು ನಿಮಿಷದ ಕೆಲಸ. ಅದನ್ನು ತೆಗೆದು ತೋರಿಸಿ ಎನ್ನಿ. ಅದರಲ್ಲಿ ಎರಡು ಸಂಖ್ಯೆ ಹುಡುಕಿ. ‘ಡಿಸೈನ್ ಕೆಪ್ಯಾಸಿಟಿ’ ಎಂದರೆ ಹೊಸದಾಗಿದ್ದಾಗ ಎಷ್ಟು ಹಿಡಿಯುತ್ತಿತ್ತು ಎಂಬುದು. ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಎಂದರೆ ಈಗ ಎಷ್ಟು ಹಿಡಿಯುತ್ತದೆ ಎಂಬುದು. ಮೊದಲನೆಯದು 60,000, ಎರಡನೆಯದು 36,000 ಇದ್ದರೆ ಬ್ಯಾಟರಿಯ ನೂರಕ್ಕೆ ಅರವತ್ತು ಭಾಗ ಉಳಿದಿದೆ ಎಂದರ್ಥ. ಅದಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚನ್ನು ಈಗಲೇ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲೆ ಇಟ್ಟು ನೋಡಿ. ತಳ ಅಲುಗಾಡಿದರೆ, ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ ಒಳಗಿನ ಬ್ಯಾಟರಿ ಊದಿಕೊಂಡಿರಬಹುದು. ಊದಿದ ಬ್ಯಾಟರಿಗೆ ಬೆಂಕಿ ಹೊತ್ತುವ ಅಪಾಯವಿದೆ. ಎಷ್ಟೇ ಅಗ್ಗವಾಗಿದ್ದರೂ ಅದನ್ನು ಮಕ್ಕಳಿರುವ ಮನೆಗೆ ತರಬೇಡಿ. ಚಾರ್ಜರ್ ಅದೇ ಯಂತ್ರದ್ದೇ, ಅದಕ್ಕೆ ಬೇಕಾದಷ್ಟು ವ್ಯಾಟಿನದೇ, ಅದರ ಮೇಲೆ ಬಿಐಎಸ್ ಗುರುತು ಇದೆಯೇ ಎಂಬುದನ್ನೂ ನೋಡಿ. ಮನೆಯ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲದಿದ್ದರೆ ಲೋಹದ ಮೈ ಮುಟ್ಟಿದಾಗ ಜುಂ ಎನ್ನುವುದುಂಟು. ಅದನ್ನು ಎಲೆಕ್ಟ್ರಿಷಿಯನ್‌ಗೆ ಹೇಳಿ ಸರಿಪಡಿಸಿಕೊಳ್ಳಿ.

ಅಂಗಡಿಯಲ್ಲಿ ಅರ್ಧ ಗಂಟೆ

ಸೀರೆಯ ಅಂಗಡಿಯಲ್ಲಿ ಎರಡು ಗಂಟೆ ಕೂರುವ ನಾವು ಇಲ್ಲಿ ಅರ್ಧ ಗಂಟೆ ಕುಳಿತರೆ ಯಾರೂ ಏನೂ ಅನ್ನುವುದಿಲ್ಲ. ಅಂದರೆ ಅನ್ನಲಿ.

ಯಂತ್ರವನ್ನು ಪೂರ್ತಿ ಆರಿಸಿ ನೀವೇ ಚಾಲೂ ಮಾಡಿ. ಬಿಳಿಯ ಪುಟ ತೆರೆದು ಪರದೆಯ ಮೇಲೆ ಗೆರೆ, ಕಲೆ ಇವೆಯೇ ನೋಡಿ. ಒಂದೊಂದು ಕೀಲಿಯನ್ನೂ ಒತ್ತಿ ಅಕ್ಷರ ಮೂಡುತ್ತದೆಯೇ ನೋಡಿ. ಪರದೆಯನ್ನು ನಾಲ್ಕೈದು ಸಲ ತೆರೆದು ಮುಚ್ಚಿ ಕೀಲು ಸಡಿಲವಾಗಿದೆಯೇ ಗಮನಿಸಿ. ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ಹತ್ತು ನಿಮಿಷ ಒಂದು ವೀಡಿಯೊ ಕರೆ ನಡೆಸಿ. ಕ್ಯಾಮೆರಾ, ಮೈಕು, ಸ್ಪೀಕರ್ ಎಲ್ಲವೂ ಅದರಲ್ಲಿ ಪರೀಕ್ಷೆಯಾಗುತ್ತವೆ. ಜೊತೆಗೊಂದು ಪೆನ್‌ಡ್ರೈವ್ ಒಯ್ದು ಎಲ್ಲ ಕಿಂಡಿಗಳಿಗೂ ಹಾಕಿ ನೋಡಿ. ಫ್ಯಾನ್ ಗರ್ ಎಂದು ಕೂಗುತ್ತಾ ತಳ ಸುಡುತ್ತಿದ್ದರೆ ಒಳಗೆ ಧೂಳು ತುಂಬಿರಬಹುದು. ನಮ್ಮ ಎರೆಮಣ್ಣಿನ ಸೀಮೆಯ ಧೂಳು ಅದಕ್ಕೆ ಸೇರಿದರೆ ಕೇಳಬೇಕೆ!

ಕೊನೆಯದಾಗಿ, ವಿಂಡೋಸನ್ನು ನಿಮ್ಮೆದುರಿಗೇ ರೀಸೆಟ್ ಮಾಡಿ ಹೊಸದಾಗಿ ಶುರುಮಾಡಿಸಿ. ಇದಕ್ಕೆ ಎರಡು ಕಾರಣಗಳಿವೆ. ಕೆಲವು ಯಂತ್ರಗಳು ಹಳೆಯ ಕಂಪೆನಿಯ ಹೆಸರಿನಲ್ಲೇ ನೋಂದಣಿಯಾಗಿ ಉಳಿದಿರುತ್ತವೆ. ರೀಸೆಟ್ ಮಾಡಿ ಇಂಟರ್‌ನೆಟ್ಟಿಗೆ ಜೋಡಿಸಿದಾಗ ಆ ಕಂಪೆನಿಯ ಲಾಗಿನ್ ಕೇಳಿದರೆ ಅಂಥದ್ದು ಬೇಡ. ಎರಡನೆಯದು ನಮಗೆ ಇನ್ನೂ ಮುಖ್ಯ. ಹಿಂದಿನವರು ಯಾರೋ, ಒಳಗೆ ಏನನ್ನು ಬಿಟ್ಟಿದ್ದಾರೋ ತಿಳಿಯದು. ಮಗಳು ಕೋಣೆಯಲ್ಲಿ ಕುಳಿತು ಬಳಸುವ, ಕ್ಯಾಮೆರಾ ಇರುವ ಯಂತ್ರ ಅದು. ಶುದ್ಧವಾಗಿಯೇ ಮನೆಗೆ ಬರಲಿ.

ಕಳ್ಳ ಪ್ರತಿಯ ಸಾಫ್ಟ್‌ವೇರ್ ಹಾಕಿಕೊಡುತ್ತೇವೆಂದರೆ ಬೇಡವೆನ್ನಿ. ಲಿಬ್ರೆ ಆಫೀಸ್ ಉಚಿತ. ಕನ್ನಡ ಗಣಕ ಪರಿಷತ್ತಿನ ನುಡಿಯೂ ಉಚಿತ. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪೆನಿ. ಕಲಿಯುವವರಿಗಾಗಿ ಅದರಲ್ಲಿ ಎಜುಕೇಶನಲ್ ಮೋಡ್ ಇದೆ. ತಿಂಗಳ ಒಂದನೇ, ಎರಡನೇ ಹಾಗೂ ಮೂವತ್ತೊಂದನೇ ತಾರೀಖಿನ ನಮೂದುಗಳನ್ನು ಮಾತ್ರ ಮಾಡಲು ಬರುತ್ತದೆ. ಅಭ್ಯಾಸಕ್ಕೆ ಅಷ್ಟು ಸಾಕು.

ಬಿಲ್ಲಿಲ್ಲದೆ ಬೇಡ

ಬಿಲ್ಲಿನಲ್ಲಿ ಅಂಗಡಿಯ ಹೆಸರು, ಮಾದರಿ, ಸೀರಿಯಲ್ ನಂಬರ್, ಪ್ರೊಸೆಸರ್, ರ್‍ಯಾಮ್, ಎಷ್ಟು ತಿಂಗಳ ವಾರಂಟಿ, ಬ್ಯಾಟರಿ ಅದರಲ್ಲಿ ಸೇರಿದೆಯೇ ಎಂಬುದೆಲ್ಲ ಬರೆಸಿ. ಬಿಲ್ಲಿನ ಸೀರಿಯಲ್ ನಂಬರನ್ನು ಯಂತ್ರದ ತಳದಲ್ಲಿರುವುದಕ್ಕೆ ಹೋಲಿಸಿ. ‘ಬಿಲ್ ಬ್ಯಾಡಂದ್ರ ಸಾವಿರ ಕಡಿಮಿ’ ಎನ್ನುವವರಿದ್ದಾರೆ. ಆ ಸಾವಿರ ರೂಪಾಯಿಗೆ ನೀವು ನಿಮ್ಮ ಹಕ್ಕನ್ನೇ ಮಾರಿದಂತಾಗುತ್ತದೆ. ಹಳೆ ವಸ್ತುವಾದರೂ ಅಂಗಡಿಯವರು ಸುಳ್ಳು ಹೇಳಿ ಮಾರಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ. ನನ್ನ ಕೈಯಲ್ಲಿ ಚೀಟಿಯ ಬದಲು ಸರಿಯಾದ ಬಿಲ್ ಇದ್ದಿದ್ದರೆ ನಾನೂ ಹೋಗುತ್ತಿದ್ದೆ.

ತಿಂಗಳಿಗೆ ಎಷ್ಟು ಬಿತ್ತು?

ಮೊದಲನೆಯದು ಕೆಟ್ಟ ಮೇಲೆ ತಂಗಿ ಸುಮ್ಮನೆ ಕೂರಲಿಲ್ಲ. 2025ರ ರಮಝಾನ್‌ನಲ್ಲಿ ರಾತ್ರಿಯಿಡೀ ಈದ್ ಬಟ್ಟೆ ಹೊಲಿದಳು. ಆ ದುಡ್ಡಿಗೆ ತಿಂಗಳು ತಿಂಗಳೂ ಸ್ವಲ್ಪ ಸೇರಿಸುತ್ತಾ ಬಂದಳು. ಹುಡುಗಿ ಅಷ್ಟು ದಿನವೂ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮುಗಿಸಿ ತಡವಾಗಿ ಬರುತ್ತಿದ್ದಳು. ನವೆಂಬರಿನಲ್ಲಿ ಮತ್ತೆ ಮೂವರೂ ಹೊರಟೆವು. ಈ ಸಲ ಬೇರೆ ಅಂಗಡಿಗೆ.

ಅವರು ಮೊದಲು ತೋರಿಸಿದ್ದು ಥಳಥಳಿಸುವ ಒಂದನ್ನು. ಬೆಲೆ 12,000, ವಿಂಡೋಸ್ 11 ಹಾಕಿದ್ದರು. ತಂಗಿಯ ಮುಖ ಅರಳಿತು. ಹುಡುಗಿ ಮಾತ್ರ ನನ್ನ ಸೆರಗು ಎಳೆದು, "ಖಾಲಾ, ಮೊದಲು ನಂಬರ್ ನೋಡೋಣ" ಎಂದಳು. ಏಳನೇ ಪೀಳಿಗೆ. ಪಕ್ಕಕ್ಕಿಟ್ಟೆವು. ಎರಡನೆಯದು ಎಂಟನೇ ಪೀಳಿಗೆಯ ಐ5, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ, ಆರು ತಿಂಗಳ ವಾರಂಟಿ. ಮೇಲ್ಮೈಯಲ್ಲಿ ಒಂದೆರಡು ಗೀರು. ಹೇಳಿದ ಬೆಲೆ 19,000. ಬ್ಯಾಟರಿ ರಿಪೋರ್ಟ್ ತೆಗೆಸಿದೆವು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಅದನ್ನೇ ಮುಂದಿಟ್ಟು ಮಾತಾಡಿದಾಗ ಅಂಗಡಿಯವರು ಒಪ್ಪಿಕೊಂಡು 17,500ಕ್ಕೆ ಕೊಟ್ಟರು. ಕುಂದನ್ನು ಮುಚ್ಚಿಡದ ವ್ಯಾಪಾರಿ ಸಿಕ್ಕಿದಾಗ ಅವರ ಅಂಗಡಿಯ ಹೆಸರನ್ನು ನಾಲ್ಕು ಜನರಿಗೆ ಹೇಳುವುದೂ ನಮ್ಮ ಕರ್ತವ್ಯ. ನಾವು ಹಾಗೆಯೇ ಮಾಡಿದೆವು.

ಈಗ ಲೆಕ್ಕ ನೋಡಿ. ಮೊದಲನೆಯದನ್ನು ಕೊನೆಗೆ 2,500ಕ್ಕೆ ಮಾರಿದೆವು. ಉಳಿದ 9,000 ರೂಪಾಯಿ ಐದೇ ತಿಂಗಳ ಬಳಕೆಗೆ ಹೋಯಿತು. ತಿಂಗಳಿಗೆ 1,800. ಎರಡನೆಯದಕ್ಕೆ ಮುಂದೆ ಹೊಸ ಬ್ಯಾಟರಿಗೆಂದು 2,500 ಸೇರಿಸಿ 20,000 ಎಂದಿಟ್ಟುಕೊಳ್ಳೋಣ. ಅವಳ ಪದವಿ ಮುಗಿದು ಕೆಲಸ ಹುಡುಕುವವರೆಗೆ ನಲವತ್ತು ತಿಂಗಳು ಬಾಳಿದರೆ ತಿಂಗಳಿಗೆ 500. ಅಂದು ನಾವು ನೋಡಿದ ಹೊಸ ಲ್ಯಾಪ್‌ಟಾಪಿನ ಬೆಲೆ 38,000. ಅದು ಆರು ವರ್ಷ ಬಂದರೆ ತಿಂಗಳಿಗೆ ಸುಮಾರು 528.

ಅಂದರೆ ಅತ್ಯಂತ ಅಗ್ಗವೆಂದು ತಂದದ್ದೇ ಅತ್ಯಂತ ದುಬಾರಿಯಾಯಿತು. ಒಳ್ಳೆಯ ಹಳೆಯದಕ್ಕೂ ಹೊಸದಕ್ಕೂ ತಿಂಗಳ ಲೆಕ್ಕದಲ್ಲಿ ದೊಡ್ಡ ಅಂತರವಿಲ್ಲ. ಹಾಗಾದರೆ ಹಳೆಯದು ಯಾಕೆ? ಕೈಯಲ್ಲಿ 38,000 ಇಲ್ಲದಿರುವಾಗ, ಅದಕ್ಕಾಗಿ ಸಾಲ ಮಾಡದೆ, ಬೇಕಾದ ಮೂರು ವರ್ಷದ ಕೆಲಸ ನಡೆಯಲಿ ಎಂಬುದಕ್ಕೆ. ಮಗಳು ಎಂಜಿನಿಯರಿಂಗ್ ಸೇರುತ್ತಿದ್ದರೆ, ಭಾರವಾದ ಚಿತ್ರ ವಿನ್ಯಾಸದ ಸಾಫ್ಟ್‌ವೇರ್ ಬೇಕಿದ್ದರೆ, ಸ್ವಲ್ಪ ಕಾದು ಹೊಸದನ್ನೇ ಕೊಳ್ಳುವುದು ಮೇಲು. ಹೈಸ್ಕೂಲಿನ ಮಗಳಿಗಾದರೆ ಅವಸರ ಬೇಡ. ಹಳೆಯದಕ್ಕೆ ದುರಸ್ತಿ ಖರ್ಚೂ ಸೇರಿ ಹೊಸದರ ಅರ್ಧ ಬೆಲೆ ದಾಟಿತೆಂದರೆ ಅಲ್ಲಿಗೆ ನಿಲ್ಲಿಸಿ ಯೋಚಿಸಿ.

ಹಳೆಯ ಯಂತ್ರವನ್ನು ಕೊಂಡವರು ಊರಿನ ಒಬ್ಬ ಕಿರಾಣಿ ಅಂಗಡಿಯವರು. ಮಾರುವ ಮೊದಲು ಹುಡುಗಿ ಅದನ್ನು ದುರಸ್ತಿ ಮಾಡುವವರ ಬಳಿ ಒಯ್ದು, ಏಳುವಂತೆ ಮಾಡಿಸಿ, ತನ್ನ ಫೋಟೊ, ಪಾಸ್‌ವರ್ಡ್ ಎಲ್ಲವನ್ನೂ ಅಳಿಸಿ ರೀಸೆಟ್ ಮಾಡಿದಳು. ಇದನ್ನು ಯಾರೂ ಮರೆಯಬಾರದು. ಆಮೇಲೆ ಅವರೆದುರು ಕುಳಿತು, "ಕಾಕಾ, ಬ್ಯಾಟರಿ ಪೂರ್ತಿ ಹೋಗೇದ. ಭಾಳ ನಿಧಾನ ಅದ. ಬ್ಯಾಂಕಿನ ಕೆಲಸ ಇದರಾಗ ಮಾಡಬ್ಯಾಡ್ರಿ" ಎಂದು ಒಂದೊಂದಾಗಿ ಹೇಳಿದಳು. ಅವರಿಗೆ ಬೇಕಾದದ್ದು ಉದ್ರಿ ಲೆಕ್ಕ ಬರೆದಿಡಲು ಒಂದು ಯಂತ್ರ. ಅಂಗಡಿಯಲ್ಲಿ ಇನ್ವರ್ಟರ್ ಇದೆ, ಇಂಟರ್‌ನೆಟ್ ಬೇಡ. ಎಲ್ಲವನ್ನೂ ಕೇಳಿಸಿಕೊಂಡು 2,500 ರೂಪಾಯಿ ಎಣಿಸಿಕೊಟ್ಟರು. ಅವರ ಕೆಲಸಕ್ಕೆ, ಆ ಬೆಲೆಗೆ, ಅದು ಒಳ್ಳೆಯ ಯಂತ್ರವೇ.

ಮೊನ್ನೆ ಅಣ್ಣಿಗೇರಿಗೆ ಹೋಗಿದ್ದೆ. ಮಗ್ರಿಬ್ ನಂತರ ಕರೆಂಟು ಹೋಯಿತು. ಹುಡುಗಿ ತಲೆ ಎತ್ತಲಿಲ್ಲ, ಟೈಪು ಮಾಡುತ್ತಲೇ ಇದ್ದಳು. ಅಂದು ಆ ಮಾತು ಹೇಳಿದ್ದ ಹಿರಿಯರೇ ಮೇಣದ ಬತ್ತಿ ತಂದು ಅವಳ ಪಕ್ಕದಲ್ಲಿಟ್ಟು, "ನನ್ನ ಪಿಂಚಣಿ ಅರ್ಜಿ ಒಂದ ನೋಡಿಕೊಡವ್ವಾ" ಎಂದರು.